ಕಂಬದ ಪಕ್ಕದ ಎಣಿಕೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಎಡಗಾಲಿನ ಚಪ್ಪಲಿ. ಬಲಗಾಲಿನದ್ದು ಮರ್ಯಾದೆಯಿಂದ ಗೋಡೆ ಪಕ್ಕದಲ್ಲೇ ಇತ್ತು, ಅದರ ಮೇಲೆ ನನ್ನ ತಕರಾರಿಲ್ಲ. ಎಡಗಾಲಿನದ್ದನ್ನು ಮಾತ್ರ ಲೈಬ್ರರಿ ಗುಮಾಸ್ತರು ಶನಿವಾರ ಸಂಜೆ ಮೆಟ್ಟಿಲ ತುದಿಯಲ್ಲಿ ಬಿಟ್ಟರು. ಭಾನುವಾರ ಬೆಳಿಗ್ಗೆ ಏಳಕ್ಕೆ ಅವರ ಮಗಳು ಅದರ ಮೇಲೆ ಕಾಲಿಟ್ಟು, ನಾಲ್ಕು ಮೆಟ್ಟಿಲು ಜಾರಿ, ಪಾದ ಉಳುಕಿಸಿಕೊಂಡಳು.

ಬೇರೆ ದಿನವಾಗಿದ್ದರೆ ಎಣ್ಣೆ ತಿಕ್ಕಿ, ಬಟ್ಟೆ ಕಟ್ಟಿ, ಗುಮಾಸ್ತರಿಗೆ ಹೆಂಡತಿಯಿಂದ ಒಂದು ಗಂಟೆ ಮಂಗಳಾರತಿ ಆಗಿ ಎಲ್ಲ ಮುಗಿಯುತ್ತಿತ್ತು. ಆದರೆ ಅವತ್ತು ಹುಡುಗಿ ಹೊರಟಿದ್ದದ್ದು ಭೂಗೋಳದ ಕ್ಷೇತ್ರಕಾರ್ಯಕ್ಕೆ. ಒಂಬತ್ತನೇ ಕ್ಲಾಸಿನ ಪ್ರತಿಯೊಬ್ಬರೂ ತಾವೇ ಒಂದು ಪ್ರಶ್ನೆ ಹುಡುಕಿ, ತಾವೇ ಯೋಜನೆ ಹಾಕಿ, ತಾವೇ ಬೀದಿಗಿಳಿದು ಮಾಹಿತಿ ತಂದು ಬರೆಯಬೇಕು. ಮೂವತ್ತು ಅಂಕ. ಒಂದು ತಿಂಗಳ ಟೈಮು. ಅದರಲ್ಲಿ ಇಪ್ಪತ್ತೊಂಬತ್ತು ದಿನ ಯೋಜನೆ ಹಾಕುವುದರಲ್ಲೇ ಕಳೆದಿತ್ತು, ಏನೇ ಆದರೂ ಅಪ್ಪನ ಮಗಳಲ್ಲವೇ! ಒಪ್ಪಿಸುವುದು ಸೋಮವಾರ ಬೆಳಿಗ್ಗೆ.

ಪ್ರಶ್ನೆಯೇನೋ ಸೊಗಸಾಗಿತ್ತು: ‘ನಮ್ಮ ಬೀದಿಯ ಮೂಲೆಯಲ್ಲಿ ದಿನದ ಯಾವ ಹೊತ್ತಿನಲ್ಲಿ ಜನಸಂಚಾರ ಹೆಚ್ಚು, ಯಾಕೆ?’ ಬೆಳಿಗ್ಗೆ ಎಂಟು, ಮಧ್ಯಾಹ್ನ ಹನ್ನೆರಡು, ಸಂಜೆ ಐದು. ಒಂದೊಂದು ಸಲಕ್ಕೂ ಅರ್ಧ ಗಂಟೆ ನಿಂತು, ಹೋಗುವವರನ್ನೂ ಬರುವವರನ್ನೂ ಗೀಟು ಹಾಕಿ ಎಣಿಸಬೇಕು.

“ನಾನು ನಿಂತ್ಕೋತೀನಿ” ಎಂದರು ಗುಮಾಸ್ತರು.

“ಬೇಡಪ್ಪಾ. ಸ್ವತಂತ್ರ ಅಂದ್ರೆ ಸ್ವತಂತ್ರ. ಅಪ್ಪ ಅಮ್ಮ ಕೈ ಹಾಕಿದ್ರೆ ಸೊನ್ನೆ ಅಂದಿದಾರೆ ಮಿಸ್.”

ಭೂಗೋಳದ ಟೀಚರ್ ಬರೀ ಬಾಯಿಮಾತಿನವರಲ್ಲ. ಹೋದ ವರ್ಷ ಒಬ್ಬ ತಂದೆ ಬರೆದುಕೊಟ್ಟ ಹನ್ನೆರಡು ಪುಟವನ್ನು ಅಕ್ಷರ ನೋಡಿಯೇ ಪತ್ತೆಹಚ್ಚಿ, ಆ ತಂದೆಯನ್ನೇ ಕರೆಸಿ, ಮೊದಲ ಬೆಂಚಿನಲ್ಲಿ ಕೂರಿಸಿ ಪರೀಕ್ಷೆ ಮಾಡಿದ್ದರಂತೆ. ಪಾಪ, ಅವರಿಗೆ ಐದಕ್ಕೆ ಎರಡೂವರೆ ಬಂದಿತ್ತಂತೆ.

“ಯಾರಿಗೆ ಗೊತ್ತಾಗುತ್ತೆ? ನಾನು ಗೀಟು ಹಾಕ್ತೀನಿ, ನೀನು ಬರಿ. ನಾನು ಬಾಯೇ ಬಿಡಲ್ಲ.”

“ಚಪ್ಪಲಿ ಬಿಟ್ಟಿದ್ದೇ ಸಾಕಾಗಿದೆ, ಇನ್ನು ಬಾಯಿ ಬೇರೆ ಬಿಡ್ಬೇಕಾ?” ಎಂದು ಅಡುಗೆಮನೆಯಿಂದ ಹೆಂಡತಿ ದನಿಗೂಡಿಸಿದರು.

ಕರುಳ ಕುಡಿಯಂಥ ಮಗಳು, ನನ್ನ ಚಪ್ಪಲಿಯಿಂದ ಸೊನ್ನೆ ತೆಗೆದುಕೊಳ್ಳುವುದೇ? ಗುಮಾಸ್ತರು ಕಾಗದ, ಪೆನ್ಸಿಲ್ ಹಿಡಿದು ಇಳಿದೇಬಿಟ್ಟರು. ಮಗಳು ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಳು.

ಗುಮಾಸ್ತರಷ್ಟು ಕಟ್ಟುನಿಟ್ಟಿನ ಮನುಷ್ಯ ಆ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಮನೆಯ ಕಪಾಟಿನ ಪುಸ್ತಕವನ್ನೂ ಹೆಂಡತಿಗೆ ಚೀಟಿ ಬರೆಸಿಕೊಂಡು, ತಾರೀಖಿನ ಮುದ್ರೆ ಒತ್ತಿಯೇ ಕೊಡುವವರು. ಇಂಥವರು ಎಂಟಕ್ಕೆ ಸರಿಯಾಗಿ ಮೂಲೆಯ ದೀಪದ ಕಂಬದ ಪಕ್ಕ ನಿಂತು ಮೊದಲ ಗೀಟು ಹಾಕಿದರು. ಎಂಟೂ ಎರಡಕ್ಕೆ ಎದುರಿನ ಬೇಕರಿಯವನು ಕೈ ಒರೆಸುತ್ತಾ ಬಂದ.

“ಏನ್ ಸಾರ್, ಬೆಳಬೆಳಿಗ್ಗೆ ಬರ‍್ಕೊಂಡು ನಿಂತಿದೀರಾ?”

“ಏನಿಲ್ಲ, ಸುಮ್ನೆ.”

“ಸುಮ್ನೆ ಯಾರಾದ್ರೂ ಬರೀತಾರಾ ಸಾರ್? ನಾನು ಬಂದಾಗ ಒಂದು ಗೀಟು ಹಾಕಿದ್ರಲ್ಲ?”

ಗುಮಾಸ್ತರು ನಿಜ ಹೇಳುವ ಹಾಗಿಲ್ಲ. ಬೇಕರಿಗೆ ಹೇಳಿದರೆ ಪಕ್ಕದ ಟೈಲರ್‌ಗೆ ಹೋಗುತ್ತದೆ, ಟೈಲರ್ ಬಳಿ ಬಟ್ಟೆ ಹೊಲಿಸುವವರು ಸಾಕ್ಷಾತ್ ಭೂಗೋಳದ ಟೀಚರ್. ಹಾಗಾಗಿ ಗುಮಾಸ್ತರು ಆಕಾಶ ನೋಡಿದರು. ಬೇಕರಿಯವನೂ ಆಕಾಶ ನೋಡಿದ. ಅಲ್ಲೇನೂ ಇರಲಿಲ್ಲ. ಕೇಳಿದರೂ ಬಾಯಿಬಿಡದೆ ಬರೆಯುವವನು ಸರ್ಕಾರ ಕೊಟ್ಟ ಕೆಲಸದಲ್ಲೇ ಇರಬೇಕು ಎಂದು ಅವನು ಅಲ್ಲೇ ತೀರ್ಮಾನಿಸಿದ. ಕಂಬದ ಪಕ್ಕ ನಿಂತಿರುವುದರಿಂದ ಅದು ಹೊಸ ಬಸ್ ಸ್ಟಾಪಿಗಾಗಿ ಜನರನ್ನು ಎಣಿಸುವ ಕೆಲಸವೇ ಸೈ.

ಎಂಟೂವರೆಗೆ ನಲವತ್ತೊಂದು ಗೀಟಾಗಿತ್ತು. ಅದರಲ್ಲಿ ಹತ್ತೊಂಬತ್ತು ಜನ ‘ಏನ್ ಸಾರ್?’ ಎಂದು ಕೇಳಲಿಕ್ಕೆಂದೇ ಬಂದವರು.

ಮಧ್ಯಾಹ್ನ ಗುಮಾಸ್ತರು ಮತ್ತೆ ಇಳಿಯುವ ಹೊತ್ತಿಗೆ ಸುದ್ದಿ ಬೀದಿಯನ್ನು ಎರಡು ಸಲ ಸುತ್ತಿ ಬಂದಿತ್ತು. ಟೈಲರ್ ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಂಡೇ ಓಡಿಬಂದ.

“ಸಾರ್, ಎಷ್ಟು ಜನ ಓಡಾಡಿದ್ರೆ ಸ್ಟಾಪ್ ಕೊಡ್ತಾರೆ? ನನಗೆ ಮಾತ್ರ ಹೇಳಿ, ಯಾರಿಗೂ ಹೇಳಲ್ಲ.”

“ಯಾವ ಸ್ಟಾಪು?”

“ಅಯ್ಯೋ ಬಿಡಿ ಸಾರ್, ನಿಮ್ಮ ಕಷ್ಟ ನನಗರ್ಥವಾಗುತ್ತೆ. ನೀವು ಎಣಿಸ್ತಾ ಇರಿ. ಜನಕ್ಕೆ ನಾನಿದೀನಿ!”

ಬಾಲ್ಕನಿಯಿಂದ ಮಗಳು ಕೂಗಿದಳು: “ಅಪ್ಪಾ, ಬಿಸಿಲು! ಟೋಪಿ ಹಾಕ್ಕೋ!” ಮೇಲಿಂದ ಟೋಪಿ ಬಂದು ಬಿತ್ತು. ಕುಂಟುತ್ತಿದ್ದರೂ ನನ್ನ ನೆತ್ತಿಯ ಚಿಂತೆ ಅವಳಿಗೆ ಎಂದು ಗುಮಾಸ್ತರ ಕಣ್ಣು ಒದ್ದೆಯಾಯಿತು. ಹಾಕಿಕೊಂಡರು. ತಲೆ ಮೇಲೆ ಟೋಪಿ ಕೂತದ್ದೇ ತಡ, ಇನ್ನೂ ಅನುಮಾನದಲ್ಲಿದ್ದ ಅರ್ಧ ಬೀದಿಗೂ ಇದು ಸರ್ಕಾರಿ ಕೆಲಸವೆಂದು ಖಾತ್ರಿಯಾಯಿತು.

ಟೈಲರ್ ತನ್ನ ಗಿರಾಕಿಗಳನ್ನೆಲ್ಲ ಬೀದಿಗೆ ಬಿಟ್ಟ. ಒಬ್ಬನ ಪ್ಯಾಂಟಿನ ಒಂದು ಕಾಲಿಗೆ ಮಾತ್ರ ಗುಂಡುಸೂಜಿ ಚುಚ್ಚಿತ್ತು. ಅವನು ಒಂದು ಕಾಲು ಉದ್ದ, ಒಂದು ಕಾಲು ಗಿಡ್ಡದ ಪ್ಯಾಂಟಿನಲ್ಲಿ ‘ಅಯ್ಯಮ್ಮಾ’ ಎನ್ನುತ್ತಾ ಬೇಕರಿಯಿಂದ ಕಂಬಕ್ಕೆ, ಕಂಬದಿಂದ ಬೇಕರಿಗೆ ಹನ್ನೆರಡು ಸಲ ಹೋದ. ಒಬ್ಬನೇ ಹನ್ನೆರಡು ಸಲ ಬಂದರೆ ಒಂದು ಗೀಟೋ ಹನ್ನೆರಡೋ? ಯೋಜನೆಯ ಕಾಗದದಲ್ಲಿ ‘ಹಾದುಹೋದ ಪ್ರತಿ ಸಲವೂ’ ಎಂದಿತ್ತು. ಗುಮಾಸ್ತರು ಹಲ್ಲು ಕಚ್ಚಿ ಹನ್ನೆರಡನ್ನೂ ಹಾಕಿದರು. ನಿಯಮ ನಿಯಮವೇ.

ಆ ಗಲಾಟೆಗೆ ಮೂಲೆಮನೆಯ ರಿಟೈರ್ಡ್ ಇಂಜಿನಿಯರ್ ಕಿಟಕಿ ತೆರೆದರು. “ಏನ್ರೀ ಇದು! ಇಲ್ಲಿ ಬಸ್ ಬಂದ್ರೆ ನನ್ನ ಮಧ್ಯಾಹ್ನದ ನಿದ್ದೆಗೆ ಯಾರ್ರೀ ಹೊಣೆ?”

“ನನಗೇನೂ ಗೊತ್ತಿಲ್ಲ ಸಾರ್. ನಾನು ಬರೀ ಎಣಿಸ್ತಿದೀನಿ.”

“ಎಣಿಸ್ರೀ, ಎಣಿಸಿ! ಒಬ್ಬನೂ ಸಿಗದ ಹಾಗೆ ಮಾಡ್ತೀನಿ!”

ಇಂಜಿನಿಯರ್ ಕೊಡೆ ಹಿಡಿದು ಬೀದಿಯ ಬಾಯಲ್ಲಿ ನಿಂತು, ಬಂದವರನ್ನೆಲ್ಲ ‘ರಸ್ತೆ ಕುಸಿದಿದೆ, ಹಿಂದಿನ ಬೀದಿಯಿಂದ ಹೋಗಿ’ ಎಂದು ಅಟ್ಟತೊಡಗಿದರು. ಕುಸಿದ ರಸ್ತೆ ಹೇಗಿದೆ ನೋಡೋಣ ಎಂದು ಹಿಂದಿನ ಬೀದಿಯವರೂ ಇತ್ತಲೇ ಬಂದರು. ಹನ್ನೆರಡೂವರೆಗೆ ಲೆಕ್ಕ ನೂರ ಇಪ್ಪತ್ತಾರು.

ಗುಮಾಸ್ತರು ಬೆವರಿಳಿಸುತ್ತಾ ಮನೆಗೆ ಬಂದರು. “ಪುಟ್ಟಾ, ಲೆಕ್ಕ ಪೂರ್ತಿ ಕೆಡ್ತಾ ಇದೆ ಕಣೇ. ಇದನ್ನ ನಿಮ್ಮ ಮಿಸ್ ನಂಬೋದುಂಟಾ?”

ಮಗಳು ಏನೋ ಬರೆಯುತ್ತಿದ್ದವಳು ತಲೆಯೆತ್ತಲಿಲ್ಲ. “ಪರವಾಗಿಲ್ಲಪ್ಪಾ. ಸಂಜೆ ನಿಂತ್ಕೋ ಸಾಕು. ಹಾಂ, ನನ್ನ ಪರೀಕ್ಷೆ ರಟ್ಟು ತಗೊಂಡ್ಹೋಗು. ಕಾಗದ ಹಾರಲ್ಲ.”

ಐದು ಗಂಟೆಗೆ ತಲೆ ಮೇಲೆ ಟೋಪಿ, ಎದೆಗೆ ರಟ್ಟು ಆನಿಸಿಕೊಂಡು ಗುಮಾಸ್ತರು ಇಳಿದಾಗ ಬೀದಿ ಎದ್ದುನಿಂತಿತು. ಬೇಕರಿಯವನು ಅವರಿಗೊಂದು ಕುರ್ಚಿ ತಂದಿಟ್ಟ. ಟೈಲರ್ ಪಕ್ಕದ ಬೀದಿಯ ಬ್ಯಾಂಡಿನವರನ್ನು ಕರೆಸಿದ್ದ, ಯಾಕೆಂದರೆ ಬ್ಯಾಂಡಿನಲ್ಲಿ ಹದಿನಾಲ್ಕು ಜನ, ಹಿಂದೆ ಬರುವವರ ಲೆಕ್ಕ ಬೇರೆ. ಇಂಜಿನಿಯರ್ ಹಗ್ಗ ಕಟ್ಟಿಸಿದರು. ಜನ ಹಗ್ಗದ ಕೆಳಗೆ ನುಸುಳಿ ಬಂದರು. ನುಸುಳಲಾಗದವರನ್ನು ಟೈಲರ್ ಎತ್ತಿ ದಾಟಿಸಿದ. ಸೂಜಿ ಪ್ಯಾಂಟಿನವನು ಈಗ ಎರಡೂ ಕಾಲಿಗೆ ಸೂಜಿ ಚುಚ್ಚಿಸಿಕೊಂಡು ನಲವತ್ತನೇ ಸುತ್ತಿನಲ್ಲಿದ್ದ. ಗುಮಾಸ್ತರ ಪೆನ್ಸಿಲ್ ಮುರಿಯಿತು, ಬೇಕರಿಯವನ ಪೆನ್ನು ತೆಗೆದುಕೊಂಡರು. ಗೀಟುಗಳು ಅಂಚು ಮುಟ್ಟಿದವು, ಕಾಗದ ತಿರುಗಿಸಿದರು. ಕೈ ಸೋತು ಬಂತು, ಆದರೂ ಬಿಡಲಿಲ್ಲ.

ಐದೂ ಇಪ್ಪತ್ತೊಂಬತ್ತಕ್ಕೆ ಇಂಜಿನಿಯರ್ ನುಗ್ಗಿಬಂದು ರಟ್ಟಿಗೆ ಕೈ ಹಾಕಿದರು. “ಕೊಡ್ರೀ ಇಲ್ಲಿ! ಸುಳ್ಳು ಲೆಕ್ಕ!”

“ಮುಟ್ಟಬೇಡಿ ಸಾರ್! ಅದು ಸರ್ಕಾರದ್ದು!” ಎಂದು ಟೈಲರ್ ಇನ್ನೊಂದು ತುದಿ ಹಿಡಿದ.

“ಅಯ್ಯೋ, ಮೆಲ್ಲಗೆ! ಹರಿಯುತ್ತೆ! ಕಾಗದ ಕಣ್ರೀ ಅದು!” ಎಂದು ಗುಮಾಸ್ತರು ಅರಚಿದರು. ಇಪ್ಪತ್ತೆರಡು ವರ್ಷದ ಲೈಬ್ರರಿ ಕೆಲಸದಲ್ಲಿ ಅವರು ದನಿ ಎತ್ತಿದ್ದು ಅದೇ ಮೊದಲು. ಆದರೂ ಕಾಗದ ಪರ್ ಎಂದು ಎರಡಾಯಿತು. ಅರ್ಧ ಇಂಜಿನಿಯರ್ ಕೈಯಲ್ಲಿ, ಅರ್ಧ ಟೈಲರ್ ಕೈಯಲ್ಲಿ. ಇಂಜಿನಿಯರ್ ತಮ್ಮ ಅರ್ಧವನ್ನು ಚೂರು ಚೂರು ಮಾಡಿ ಊದಿಬಿಟ್ಟರು.

ಮೂವತ್ತು ಅಂಕ ಗೋತಾ. ಗುಮಾಸ್ತರು ಕುರ್ಚಿಯಲ್ಲಿ ಕುಸಿದು ಕೂತರು. ಸಾಲದ್ದಕ್ಕೆ, ಹೊಲಿದ ಬಟ್ಟೆ ಒಯ್ಯಲು ಬಂದ ಭೂಗೋಳದ ಟೀಚರ್ ಜನರನ್ನು ಸರಿಸಿಕೊಂಡು ಅವರ ಎದುರಿಗೇ ಬಂದು ನಿಂತರು.

“ಏನಿದೆಲ್ಲ? ನೀವು ನಮ್ಮ ಒಂಬತ್ತನೇ ಕ್ಲಾಸಿನ ಹುಡುಗಿ ತಂದೆ ಅಲ್ವಾ?” ಎಂದವರು ರಟ್ಟಿನ ಮೇಲಿದ್ದ ಮಗಳ ಹೆಸರನ್ನು ಓದಿದರು. “ಎಲ್ಲಿ ಅವಳು?”

ಗುಮಾಸ್ತರ ಕೈ ತಾನಾಗಿಯೇ ಬಾಲ್ಕನಿ ತೋರಿಸಿತು. ಟೀಚರ್ ಮೆಟ್ಟಿಲು ಹತ್ತಿದರು. ಹಿಂದೆಯೇ ಗುಮಾಸ್ತರು, “ಮೇಡಂ, ತಪ್ಪೆಲ್ಲ ನಂದು, ಚಪ್ಪಲಿ ನಂದು, ಗೀಟು ನಂದು, ಮಗುಗೆ ಸೊನ್ನೆ ಕೊಡ್ಬೇಡಿ, ಬೇಕಾದ್ರೆ ನನ್ನೇ ಮೊದಲ ಬೆಂಚಲ್ಲಿ ಕೂರಿಸಿ...”

“ಶ್!” ಎಂದರು ಟೀಚರ್. ಗುಮಾಸ್ತರು ಜನ್ಮದಲ್ಲಿ ಎಷ್ಟೋ ಜನಕ್ಕೆ ಹಾಗೆಂದಿದ್ದರು. ತಮಗೇ ಯಾರಾದರೂ ಹಾಗೆಂದದ್ದು ಇದೇ ಮೊದಲು.

ಟೀಚರ್ ಮಗಳ ಕೈಯಿಂದ ಹತ್ತು ಪುಟ ತೆಗೆದುಕೊಂಡು ನಿಂತಲ್ಲೇ ಓದಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು. ಗುಮಾಸ್ತರು ಮೆಲ್ಲಗೆ ಅವರ ಭುಜದ ಮೇಲಿಂದ ಇಣುಕಿದರು.

‘ಪ್ರಶ್ನೆ: ಮೂಲೆಯಲ್ಲಿ ಒಬ್ಬ ಮನುಷ್ಯ ಸುಮ್ಮನೆ ಬರೆಯುತ್ತಾ ನಿಂತರೆ ಜನಸಂಚಾರ ಹೇಗೆ ಬದಲಾಗುತ್ತದೆ?

ಎಣಿಕೆ (ಬಾಲ್ಕನಿಯಿಂದ, ನಾನೇ ಮಾಡಿದ್ದು): ಅಪ್ಪ ಇಲ್ಲದಾಗ ಅರ್ಧ ಗಂಟೆಗೆ 22. ಬರೀ ಅಪ್ಪ: 41. ಅಪ್ಪ ಮತ್ತು ಟೋಪಿ: 126. ಅಪ್ಪ, ಟೋಪಿ ಮತ್ತು ರಟ್ಟು: 389.

ಬಳಸಿದ ಉಪಕರಣಗಳು: ಗಡಿಯಾರ, ಪೆನ್ಸಿಲ್, ಅಪ್ಪ.’

“ಇದರಲ್ಲಿ ಅಪ್ಪನ ಸಹಾಯ ಏನೂ ಇಲ್ವಾ?” ಎಂದು ಟೀಚರ್ ಕೇಳಿದರು.

“ಏನೂ ಇಲ್ಲ ಮಿಸ್. ನಾನು ಏನ್ಮಾಡ್ತಿದೀನಿ ಅಂತಾನೇ ಅಪ್ಪನಿಗೆ ಗೊತ್ತಿರ್ಲಿಲ್ಲ.”

“ಮೂವತ್ತಕ್ಕೆ ಮೂವತ್ತು!” ಎಂದರು ಟೀಚರ್.

ಗುಮಾಸ್ತರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಗೆದ್ದೆ ಮಗಳೇ, ಇನ್ನು ಆ ಕಂಬದ ಮುಖ ನೋಡಿದರೆ ಕೇಳು ಎಂದು ಟೋಪಿ ತೆಗೆದು ಮೊಳೆಗೆ ನೇತುಹಾಕಿದರು.

“ಆದ್ರೆ ಒಂದೇ ಮೂಲೆ ನೋಡಿ ತೀರ್ಮಾನಕ್ಕೆ ಬರೋಕಾಗಲ್ಲ” ಎಂದು ಟೀಚರ್ ಮುಂದುವರಿಸಿದರು. “ಮಾರ್ಕೆಟ್, ಆಸ್ಪತ್ರೆ ಗೇಟು, ರೈಲ್ವೆ ಸ್ಟೇಷನ್ನು, ಎಲ್ಲ ಕಡೆ ನೋಡ್ಬೇಕು. ಕ್ಲಾಸಲ್ಲಿ ಇನ್ನೂ ಮೂವತ್ತೊಂಬತ್ತು ಮಕ್ಕಳಿಗೆ ಪ್ರಶ್ನೆಯೇ ಸಿಕ್ಕಿಲ್ಲ. ಟೈಮು ಮುಂದೆ ಹಾಕ್ತೀನಿ. ಉಪಕರಣ ಮಾತ್ರ ಇದೇ ಇರ್ಬೇಕು, ಬೇರೆಯಾದ್ರೆ ಹೋಲಿಕೆಗೆ ಬರಲ್ಲ. ಶಾಲೆಗೆ ಎರವಲು ಸಿಗುತ್ತಾ?”

“ಸಿಗುತ್ತೆ ಮಿಸ್” ಎಂದಳು ಮಗಳು.

“ಭಾನುವಾರ ಪೂರ್ತಿ ಖಾಲೀನೇ ಇರುತ್ತೆ” ಎಂದರು ಹೆಂಡತಿ.

ಗುಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ಮಗಳು ಕುಂಟುತ್ತಾ ಹೋಗಿ ಅವರದೇ ಮೇಜಿನಿಂದ ಎರವಲು ಚೀಟಿ ತೆಗೆದು, ‘ಅಪ್ಪ, ಒಂದು ಪ್ರತಿ’ ಎಂದು ಬರೆದು, ಟೀಚರ್ ಸಹಿ ಹಾಕಿಸಿಕೊಂಡು, ಅವರದೇ ಮುದ್ರೆ ಒತ್ತಿದಳು. ಹಿಂದಿರುಗಿಸುವ ದಿನಾಂಕ ಮೂವತ್ತೊಂಬತ್ತು ಭಾನುವಾರ ಆಚೆಗಿತ್ತು. ಗುಮಾಸ್ತರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಿಯಮದ ಪ್ರಕಾರ ಅದರಲ್ಲಿ ಒಂದು ತಪ್ಪೂ ಇರಲಿಲ್ಲ.