ಒತ್ತುವ ಕೆಂಪು, ಒತ್ತಬಾರದ ಹಸಿರು

ದಾರದ ವ್ಯಾಪಾರದಲ್ಲಿ ಇಪ್ಪತ್ತೆಂಟು ವರ್ಷ ಪಳಗಿದವನು ನಾನು. ಅಂಗಡಿಯ ಇನ್ನೂರ ನಲವತ್ತು ಬಣ್ಣಗಳ ರೀಲುಗಳನ್ನು ನಂಬರಿನ ಸಮೇತ ಕಣ್ಣಲ್ಲೇ ಗುರುತಿಸುತ್ತೇನೆ. ಕೆಂಪು ಎಂದರೆ ನಿಮಗೆ ಒಂದು, ನನಗೆ ಹದಿನೇಳು! ಅಂಥವನು ಒಂದು ಕಂಪ್ಯೂಟರ್ ಪಾಠ ತಯಾರಿಸಲು ಕೂತರೆ ಅದು ಹೇಗಿರಬೇಡ?

ಅಂಗಡಿಯ ದಾಸ್ತಾನು ನೋಡಿಕೊಳ್ಳುವ ಸಾಫ್ಟ್‌ವೇರ್ ಗೊತ್ತಿದ್ದದ್ದು ನನ್ನ ಹೆಂಡತಿಯೊಬ್ಬಳಿಗೇ. ಅವಳ ಅಕ್ಕನಿಗೆ ಮೊಣಕಾಲಿನ ಆಪರೇಷನ್. ಹತ್ತು ದಿನ ಜೊತೆಗಿರಲು ಗುರುವಾರ ಬೆಳಿಗ್ಗೆ ರೈಲು ಹತ್ತಬೇಕು. ಅಷ್ಟರೊಳಗೆ ಕೌಂಟರಿನಲ್ಲಿ ಕೂರುವ ನನ್ನ ತಮ್ಮ ಕಲಿಯದಿದ್ದರೆ ಅವಳ ಪ್ರಯಾಣ ರದ್ದು. ತಮ್ಮನಿಗೆ ನಲವತ್ತೈದು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಅಪಾಯಕಾರಿ ಮನುಷ್ಯ!

“ರೀ, ಒಂದು ಹಾಳೇಲಿ ನಾನೇ ಬರೆದಿಡ್ತೀನಿ ಬಿಡಿ,” ಎಂದಳು ಹೆಂಡತಿ.

“ನೀನು ಬಟ್ಟೆ ಜೋಡಿಸ್ಕೋ. ಪಾಠ ನನಗೆ ಬಿಡು!”

“ಅಂಗಡಿ ಕಂಪ್ಯೂಟರಲ್ಲಿ ಇರೋದು ಒಂದೇ ಕನ್ನಡ ಫಾಂಟ್. ಪ್ರಿಂಟರಲ್ಲಿ ಕಪ್ಪು ಬಿಟ್ರೆ ಬೇರೆ ಬಣ್ಣ ಬರಲ್ಲ. ನೆನಪಿರ್ಲಿ.”

“ಬಣ್ಣ ಮಾರೋನು ಕಪ್ಪು-ಬಿಳುಪು ಪಾಠ ಮಾಡೋದೇ? ಪ್ರಿಂಟ್ ಯಾಕೆ ಬೇಕು, ಪರದೆ ಮೇಲೇ ನೋಡ್ಲಿ!”

ಎರಡು ದಿನ ಮನೆಯ ಲ್ಯಾಪ್‌ಟಾಪಿನ ಮುಂದೆ ತಪಸ್ಸು. ಕೊನೆಗೆ ಒಂದು ಸಂವಿಧಾನವೇ ಹುಟ್ಟಿತು! ಸಾಫ್ಟ್‌ವೇರಿನ ಚಿತ್ರಗಳಲ್ಲಿ ಒತ್ತಬೇಕಾದ ಗುಂಡಿಗೆಲ್ಲ ಇಪ್ಪತ್ತಾರನೇ ನಂಬರಿನ ಕೆಂಪು ಉಂಗುರ. ಒತ್ತಲೇಬಾರದ ಗುಂಡಿಗೆಲ್ಲ ಐವತ್ತೊಂದನೇ ನಂಬರಿನ ಹಸಿರು ಉಂಗುರ. ಮೊದಲ ಪುಟದಿಂದ ಕೊನೆಯವರೆಗೆ ಇದೇ ನಿಯಮ, ಎಳೆಯಷ್ಟೂ ಏರುಪೇರಿಲ್ಲ.

“ಕೆಂಪು ಕಂಡ್ರೆ ಜನ ನಿಲ್ತಾರೆ ಕಣ್ರೀ,” ಎಂದಳು, ಹಿಂದಿನಿಂದ ಇಣುಕಿ.

“ನಿಂತ್ರೆ ತಾನೇ ಒತ್ತೋಕಾಗೋದು!”

ಅವಳು ಬಟ್ಟೆ ಮಡಚಲು ಹೋದಳು. ಗೆದ್ದೆನೆಂದುಕೊಂಡೆ.

ಉಂಗುರಗಳ ಪಕ್ಕದ ‘ಒತ್ತಿ’, ‘ಒತ್ತಬೇಡಿ’ಗಳಿಗೆ ಸಾಧಾರಣ ಅಕ್ಷರ ಸಾಲದೆಂದು, ಒತ್ತಕ್ಷರದ ಬಾಲ ನವಿಲುಗರಿಯಂತೆ ಬಿಚ್ಚಿಕೊಳ್ಳುವ ಫಾಂಟೊಂದನ್ನು ಹುಡುಕಿ ಇಳಿಸಿಕೊಂಡೆ. ಆಹಾ! ನೋಡಿದವರ ಬೆರಳು ತಾನಾಗಿಯೇ ಮುಂದೆ ಹೋಗಬೇಕು!

ಬುಧವಾರ ಬೆಳಿಗ್ಗೆ ಪಾಠವನ್ನು ತಮ್ಮನಿಗೆ ಒಪ್ಪಿಸಿ, “ಇದರಲ್ಲಿರೋ ಹಾಗೆ ಮಾಡು. ಸ್ವಂತ ಬುದ್ಧಿ ಬೇಡ,” ಎಂದು ಗೋದಾಮಿಗೆ ಹೋದೆ. ಮಧ್ಯಾಹ್ನ ಬಂದರೆ ಅಂಗಡಿಯಲ್ಲಿ ರಂಪ! ನಮ್ಮ ಹಳೆಯ ಗಿರಾಕಿ ದರ್ಜಿ ಕೌಂಟರ್ ಗುದ್ದುತ್ತಿದ್ದ.

“ಯಜಮಾನ್ರೇ, ನಿಮ್ಮ ತಮ್ಮಂಗೆ ಏನಾಗಿದೆ? ನೀಲಿ ದಾರ ಖಾಲಿ ಅಂತಾರೆ. ಅವರ ಬೆನ್ನ ಹಿಂದೇನೇ ನಾಲ್ಕು ಡಬ್ಬ ಇದೆ!”

“ಬೆನ್ನ ಹಿಂದೆ ಇದ್ರೇನು? ಕಂಪ್ಯೂಟರ್ ಒಳಗೆ ಇಲ್ವಲ್ಲ!” ಎಂದ ತಮ್ಮ.

“ಬೆಳಿಗ್ಗೆಯಿಂದ ಎಷ್ಟು ಜನಕ್ಕೆ ಖಾಲಿ ಅಂದ್ಯೋ?”

“ಬಂದೋರಿಗೆಲ್ಲ ಅಣ್ಣ. ಭೇದ ಮಾಡಿಲ್ಲ.”

ಪರದೆ ನೋಡಿದೆ. ಇನ್ನೂರ ನಲವತ್ತು ಬಣ್ಣಗಳ ಮುಂದೆಯೂ ಸೊನ್ನೆ!

“ಏನು ಒತ್ತಿದೆ?”

“ಉಂಗುರ ಇದ್ದಿದ್ದನ್ನೆಲ್ಲ. ಒಂದೂ ಬಿಟ್ಟಿಲ್ಲ!”

ಪುಟ್ಟ ಪರದೆಯಲ್ಲಿ ಪಾಠ ತೆರೆದರೆ ಸಾಫ್ಟ್‌ವೇರ್ ಕಾಣದು, ಸಾಫ್ಟ್‌ವೇರ್ ತೆರೆದರೆ ಪಾಠ ಕಾಣದು. ಹಾಗಾಗಿ ಪ್ರಿಂಟ್ ತೆಗೆದಿದ್ದ. ಕಾಗದದ ಮೇಲೆ ನನ್ನ ಕೆಂಪೂ ಹಸಿರೂ ಅವಳಿ ಮಕ್ಕಳಂತೆ ಒಂದೇ ಬೂದಿ ಬಣ್ಣ! ನವಿಲುಗರಿಯ ಅಕ್ಷರಗಳಿದ್ದಲ್ಲೆಲ್ಲ ಬರೀ ಚೌಕಗಳು; ಆ ಫಾಂಟ್ ಇದ್ದದ್ದು ಮನೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ.

“ಕೆಲವು ಕಡೆ ಚೌಕ ಕಮ್ಮಿ, ಕೆಲವು ಕಡೆ ಜಾಸ್ತಿ. ಜಾಸ್ತಿ ಇದ್ದ ಕಡೆ ಜೋರಾಗಿ ಒತ್ತಿದೆ,” ಎಂದ.

“‘ದಾಸ್ತಾನು ಅಳಿಸಿ’ ಅಂತ ಗುಂಡಿ ಮೇಲೇ ಇದೆಯಲ್ಲೋ!”

“ಸ್ವಂತ ಬುದ್ಧಿ ಬೇಡ ಅಂದಿದ್ದು ನೀನೇ ಅಲ್ವಾ? ಅದು ‘ಖಚಿತವೇ?’ ಅಂತ ಮೂರು ಸಲ ಕೇಳ್ತು. ಅಣ್ಣ ಮಾಡಿದ ಪಾಠ, ಖಚಿತವೇ ಅಂದ್ಕೊಂಡೆ.”

ಫೋನ್ ಮಾಡಿದೆ. ಹೆಂಡತಿ ಸೂಟ್‌ಕೇಸ್ ಅರ್ಧಕ್ಕೆ ಬಿಟ್ಟು ಓಡಿ ಬಂದಳು. ಎಲ್ಲ ರೀಲು ಎಣಿಸಲು ವಾರವಾದರೂ ಬೇಕು, ರೈಲು ನಾಳೆ! ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳೋ ಪರ್ಸಿನಿಂದ ಪೆನ್‌ಡ್ರೈವ್ ತೆಗೆದಳು. ದಿನಾ ಸಂಜೆ ದಾಸ್ತಾನಿನ ಲೆಕ್ಕದ ಒಂದು ಪ್ರತಿ ಅದರಲ್ಲಿ ಇಟ್ಟುಕೊಳ್ಳುತ್ತಾಳಂತೆ. ಐದು ನಿಮಿಷದಲ್ಲಿ ಎಲ್ಲ ಬಣ್ಣವೂ ವಾಪಸ್! ದರ್ಜಿಗೆ ನೀಲಿ ದಾರವೂ ಸಿಕ್ಕಿತು.

ಆಮೇಲೆ ನನ್ನ ಪಾಠವನ್ನು ಕೈಗೆತ್ತಿಕೊಂಡಳು.

“ಗಿರಾಕಿ ಬಣ್ಣ ಆರಿಸಿದ್ರೆ ನೀವು ಏನಂತೀರಿ?”

“ಟ್ಯೂಬ್‌ಲೈಟ್ ನಂಬಬೇಡಿ, ಬಾಗಿಲಾಚೆ ಬಿಸಿಲಲ್ಲಿ ಹಿಡಿದು ನೋಡಿ ಅಂತೀನಿ.”

“ಇದನ್ನ ಒಂದ್ಸಲ ಈ ಅಂಗಡಿ ಪ್ರಿಂಟರಲ್ಲಿ ಹಾಕಿ ನೋಡಿದ್ರಾ?”

ಇಪ್ಪತ್ತೆಂಟು ವರ್ಷದಲ್ಲಿ ನನ್ನ ಸರಕನ್ನು ನನಗೇ ವಾಪಸ್ ಮಾರಿದವಳು ಅವಳೊಬ್ಬಳೇ!

ಅಲ್ಲೇ ಕೂತು ಒಂದು ಹಾಳೆಯ ಪಾಠ ಮಾಡಿದಳು. ಒಂದೇ ಫಾಂಟ್, ಕಪ್ಪು ಬಣ್ಣ. ಒತ್ತಬೇಕಾದ್ದಕ್ಕೆ ಸರಿ ಗುರುತು, ಒತ್ತಬಾರದ್ದಕ್ಕೆ ತಪ್ಪು ಗುರುತು. ಸಂಜೆಯೊಳಗೆ ತಮ್ಮ ಪಳಗಿಬಿಟ್ಟ.

ಗುರುವಾರ ಅವಳನ್ನು ರೈಲು ಹತ್ತಿಸಿ ಅಂಗಡಿಗೆ ಬಂದೆ. ತಮ್ಮ ಪಟಪಟನೆ ಕೆಲಸ ಮಾಡುತ್ತಿದ್ದ. ಯಜಮಾನನೆಂಬ ಗತ್ತಿನಲ್ಲಿ, “ಸರಿ, ಇಪ್ಪತ್ತಾರನೇ ನಂಬರ್ ಎಷ್ಟಿದೆ ನೋಡೋಣ,” ಎಂದು ಮೌಸಿಗೆ ಕೈ ಹಾಕಿದೆ.

ತಮ್ಮ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ದಪ್ಪಕ್ಷರದಲ್ಲಿದ್ದ ಸಾಲು ಅದೊಂದೇ: ‘ಅಣ್ಣನ ಕೈ’.

“ಕೈ ತೆಗಿ ಅಣ್ಣ,” ಎಂದ ವಿನಯದಿಂದ, “ಅತ್ತಿಗೆ ತಪ್ಪು ಗುರುತು ಹಾಕಿದ್ದಾರೆ.”