ಇನ್ನೂರ ಎಂಟು ಇಂಚಿನ ರಾಜ್ಯವನ್ನು ಆರಿಸಿಕೊಟ್ಟ ಯಂತ್ರಕ್ಕೆ

‘ಅಮೆರಿಕದಲ್ಲಿ ಓದಲು ನಿಮಗೆ ತಕ್ಕ ರಾಜ್ಯ ಯಾವುದು?’ ಎಂಬುದನ್ನು ಹನ್ನೆರಡೇ ಪ್ರಶ್ನೆಗಳಲ್ಲಿ ಇತ್ಯರ್ಥ ಮಾಡಿಕೊಡುವ ಅಂತರ್ಜಾಲದ ಯಂತ್ರ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಜಯಪುರದಿಂದ ಪ್ರಸನ್ನಕುಮಾರ್ ಮಾಡುವ ಅನಂತ ನಮಸ್ಕಾರಗಳು. ತಾವೂ ತಮ್ಮ ವಯರುಗಳೂ ಕ್ಷೇಮವೆಂದು ನಂಬಿದ್ದೇನೆ. ನಾವಿಲ್ಲಿ ಕ್ಷೇಮ, ಈ ಏಪ್ರಿಲ್ಲಿನಲ್ಲಿ ಇಂದು ಬೆಳಿಗ್ಗೆ ಎಂಟೂವರೆಯವರೆಗೆ ಒಂದು ಇಂಚು ಇಪ್ಪತ್ತು ಸೆಂಟು ಮಳೆಯಾಗಿದೆ. ತಮ್ಮಂಥ ಸರ್ವಜ್ಞರ ಮೇಲೆ ದೂರು ಬರೆಯುವ ಆಸೆ ನನಗಿರಲಿಲ್ಲ, ತಾವೇ ಕೈಹಿಡಿದು ಬರೆಸುತ್ತಿದ್ದೀರಿ.

ನನ್ನದು ಪಂಪ್‌ಸೆಟ್ ರಿಪೇರಿ ಅಂಗಡಿ. ಆದರೆ ಊರಿನಲ್ಲಿ ನನಗೆ ಮರ್ಯಾದೆ ಇರುವುದು ಅಂಗಡಿಯ ಹಿಂದೆ ನೆಟ್ಟ ಮಳೆಮಾಪಕದಿಂದ. ಇಪ್ಪತ್ತೇಳು ವರ್ಷಗಳಿಂದ ಒಂದು ದಿನ ತಪ್ಪದೆ ಅಳೆದು ಬರೆದಿಟ್ಟಿದ್ದೇನೆ. ನಮ್ಮ ಸೀಮೆಯಲ್ಲಿ ಫೋನು ಎತ್ತಿದರೆ ಮೊದಲು ಕೇಳುವುದು ‘ನಿಮ್ಮಲ್ಲಿ ಎಷ್ಟು ಇಂಚು?’ ಎಂದು; ಸಾವಿನ ಸುದ್ದಿಯಿದ್ದರೂ ಅದು ಆಮೇಲೆ. ನರಸಿಂಹರಾಜಪುರದವರನ್ನು ಕೇಳುವಾಗ ದನಿಯಲ್ಲಿ ಸ್ವಲ್ಪ ಕನಿಕರವಿರುತ್ತದೆ, ಶೃಂಗೇರಿಯವರನ್ನು ಕೇಳುವಾಗ ಸ್ವಲ್ಪ ಹೊಟ್ಟೆಕಿಚ್ಚು. ಶೃಂಗೇರಿಯಲ್ಲಿ ನನ್ನ ಹೆಂಡತಿಯ ಅಣ್ಣ ಗಣಪತಿ ಭಾವ ಇದ್ದಾರೆ. ನಮ್ಮಲ್ಲಿ ನೂರಿಪ್ಪತ್ತು ಆದ ವರ್ಷ ಅವರಲ್ಲಿ ನೂರ ಐವತ್ತು. “ಎಂತ ಮಾರಾಯ, ನಿಮ್ಮಲ್ಲಿ ಬರೀ ಹನಿ ಬಿದ್ದಿದ್ದಾ?” ಎನ್ನುತ್ತಾರೆ. ಇಪ್ಪತ್ತೇಳು ವರ್ಷ ಈ ಮಾತು ಕೇಳಿದವನ ಕರುಳು ಏನಾಗಿರಬೇಡ, ತಾವೇ ಲೆಕ್ಕ ಹಾಕಿ.

ಹೀಗಿರುವಾಗ ನನ್ನ ಇಪ್ಪತ್ತೆರಡು ವರ್ಷದ ಮಗಳು ನಯನಳಿಗೆ ಅಮೆರಿಕದ ಎರಡು ಕಡೆಯಿಂದ ಸೀಟು ಬಂತು. ಒಂದು ಅರಿಜೋನಾ, ಇನ್ನೊಂದು ಮಿಷಿಗನ್ನಿನ ಬಡಗಣ ತುದಿ. ಹದಿನೈದನೇ ತಾರೀಖಿನೊಳಗೆ ಒಂದಕ್ಕೆ ಹೂಂ ಎನ್ನಬೇಕು, ತಪ್ಪಿದರೆ ಎರಡೂ ಹೋಯಿತು. ಅವಳಿಗೆ ಅರಿಜೋನಾವೇ ಬೇಕಿತ್ತು. ಅಲ್ಲಿಯ ಪ್ರಾಧ್ಯಾಪಕಿಯೊಬ್ಬರು ‘ಬಾ ಮಗಳೇ’ ಎಂಬ ಅರ್ಥ ಬರುವಂತೆ ಉದ್ದದ ಮೇಲ್ ಹಾಕಿದ್ದರಂತೆ. ಇಂಥ ದೊಡ್ಡ ತೀರ್ಮಾನವನ್ನು ಓದುವವರ ಕೈಗೇ ಬಿಡಬಾರದೆಂದು, ಅವಳು ಫೋಟೋ ತೆಗೆಸಲು ಕೊಪ್ಪಕ್ಕೆ ಹೋದ ಹೊತ್ತು ನೋಡಿ, ನಾನೂ ಹೆಂಡತಿ ಮಾಲತಿಯೂ ಜಗಲಿಯಲ್ಲಿ ಕುಳಿತು ಅವಳ ಪರವಾಗಿ ತಮ್ಮ ಪ್ರಶ್ನೆಗಳನ್ನು ಉತ್ತರಿಸಿದೆವು.

ಆಹಾ, ಎಂಥ ಪ್ರಶ್ನೆಗಳು! ಸಮುದ್ರ ಬೇಕೋ ಬೆಟ್ಟ ಬೇಕೋ ಎಂದು ಕೇಳಿದಿರಿ. ಬೆಟ್ಟ, ಆದರೆ ಹತ್ತುವ ಕೆಲಸ ಇರಬಾರದು ಎಂದೆವು. ರಾತ್ರಿಜೀವನ ಎಷ್ಟು ಮುಖ್ಯ ಎಂದಿರಿ; “ರಾತ್ರಿ ಜೀವ ಉಳಿದ್ರೆ ತಾನೆ ಬೆಳಿಗ್ಗೆ ಕಾಲೇಜು?” ಎಂದು ಮಾಲತಿ ಐದಕ್ಕೆ ಐದು ಕೊಟ್ಟಳು. ಹನ್ನೆರಡನೆಯದು ಹವಾಮಾನ. ‘ಊರಿನಂತೆಯೇ ಇರಲಿ, ಬೇಕಾದರೆ ಹೆಚ್ಚೇ ಇರಲಿ’ ಎಂಬುದನ್ನು ನಾನು ಎರಡು ಸಲ ಒತ್ತಿದೆ. ಆಗ ತಾವು ಎರಡು ಸುತ್ತು ತಿರುಗಿ, ನೂರಕ್ಕೆ ತೊಂಬತ್ತಾರು ಗುಣ ಕೂಡಿದೆಯೆಂದು ಮಿಷಿಗನ್ ತೋರಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಬಡಗಣ ತುದಿ: ವಾರ್ಷಿಕ ಸರಾಸರಿ ೨೦೮ ಇಂಚು’ ಎಂದು ನಮೂದಿಸಿದಿರಿ. ಅಂಕಿಯ ಪಕ್ಕದಲ್ಲಿ ಸಣ್ಣದೊಂದು ಬಿಳಿ ನಕ್ಷತ್ರವಿತ್ತು. ಅಲಂಕಾರವೆಂದುಕೊಂಡೆ.

ನಮ್ಮ ಸರಕಾರವೇ ಮಿಲಿಮೀಟರಿಗೆ ಇಳಿದಿರುವ ಈ ಕಲಿಗಾಲದಲ್ಲಿ ಇಂಚು ಬಿಡದ ದೇಶವೊಂದಿದೆಯಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಮಗಳಿಗೆ ಹೇಳುವ ಮೊದಲೇ ಶೃಂಗೇರಿಗೆ ಫೋನು ಹಚ್ಚಿದೆ. “ಭಾವ, ನಯನ ಹೋಗೋ ಕಡೆ ಇನ್ನೂರ ಎಂಟು” ಎಂದೆ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಭಾವ ಮಳೆಯ ಮಾತು ಬಿಟ್ಟು ಅಡಿಕೆಯ ರೇಟು ಕೇಳಿದರು. ಆ ಅಡಿಕೆಯ ರೇಟಿಗಾಗಿ ತಮಗೆ ನಾನು ಏಳು ಜನ್ಮಕ್ಕೂ ಋಣಿ. ಸಂಜೆಯೊಳಗೆ ಜಯಪುರದ ಬಸ್ ಸ್ಟ್ಯಾಂಡಿಗೆಲ್ಲ ಸುದ್ದಿ ಮುಟ್ಟಿಸಿದೆ. ಮನೆಗೆ ಬಂದ ನಯನ ಮಾತ್ರ ಮುಖ ಊದಿಸಿಕೊಂಡು, “ಅಪ್ಪ, ಹೋಗೋಳು ನಾನಾ, ನಿಮ್ಮ ಮಳೆಮಾಪಕವಾ?” ಎಂದಳು. ಅರಿಜೋನಾದಲ್ಲಿ ವರ್ಷಕ್ಕೆ ಎಂಟಿಂಚಂತೆ, ಅಷ್ಟನ್ನು ನಾವು ಆಷಾಢದಲ್ಲಿ ಒಂದೇ ದಿನಕ್ಕೆ ಕಂಡಿದ್ದೇವೆ, ಅಂಥ ಊರಿಗೆ ಹೆಣ್ಣು ಕೊಡುವವರುಂಟೇ ಎಂದು ಗದರಿದೆ. ಅವಳು ಊಟ ಬಿಟ್ಟು ಎದ್ದು ಹೋದಳು.

ಮರುದಿನ ಅಬ್ದುಲ್ ಖಾದರ್ ಅಂಗಡಿಯಲ್ಲಿ ಗಮ್‌ಬೂಟು, ಕೊಡೆ, ಹನ್ನೆರಡಡಿ ಟಾರ್ಪಾಲು ಕಟ್ಟಿಸಿದೆ. ಎಲ್ಲಿಗೆ ಎಂದು ಕೇಳಿ, ಊರಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ ಖಾದರ್ ಸಾಹೇಬರು ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ ಚಿತ್ರ ತೋರಿಸಿದರು. ಮನೆಯೊಂದು ಕಿಟಕಿಯ ತನಕ ಬಿಳಿಯದರಲ್ಲಿ ಹೂತಿದೆ, ಮಾಡಿನ ಮೇಲೆ ಹತ್ತಿದವನೊಬ್ಬ ಸಲಿಕೆಯಲ್ಲಿ ಅದನ್ನು ಎತ್ತಿ ಹಾಕುತ್ತಿದ್ದಾನೆ. “ಇದು ಮಳೆ ಅಲ್ಲ ಮಾರಾಯ್ರೇ, ಇನ್ನೂರ ಎಂಟಿಂಚೂ ಹಿಮ. ಕೂಸನ್ನ ಫ್ರಿಜ್ಜಿನ ಮೇಲಿನ ಖಾನೆಗೆ ಕಳಿಸ್ತೀರಾ?” ಎಂದರು. ತಮ್ಮ ಆ ಬಿಳಿ ನಕ್ಷತ್ರ ಹಿಮದ ಗುರುತಂತೆ.

ಅಲ್ಲ ಸ್ವಾಮೀ, ಆಕಾಶದಿಂದ ಇಂಚಿನ ಲೆಕ್ಕದಲ್ಲಿ ಬೀಳುವುದು ಮಳೆಯಲ್ಲದೆ ಬೇರೆ ಇರಬಹುದೆಂದು ಕೊಪ್ಪ ತಾಲೂಕಿನಲ್ಲಿ ಹುಟ್ಟಿದವನಿಗೆ ಹೊಳೆಯುವುದಾದರೂ ಹೇಗೆ? ಆದುದರಿಂದ ನನ್ನ ವಿನಮ್ರ ಕೋರಿಕೆ: ಸದರಿ ಹಿಮವನ್ನು ಬರುವ ಆಗಸ್ಟಿನೊಳಗೆ ಕರಗಿಸಿ ಮಳೆಯ ರೂಪದಲ್ಲಿಯೇ ಸುರಿಸತಕ್ಕದ್ದು. ಮೃಗಶಿರಾ, ಆರಿದ್ರಾ, ಪುನರ್ವಸುಗಳಿಗೆ ಹಂಚಿ ಸುರಿಸಿದರೆ ಉತ್ತಮ. ಅದಾಗದಿದ್ದಲ್ಲಿ ಮಿಷಿಗನ್ನನ್ನೇ ತೆಂಕಣಕ್ಕೆ ಸಾವಿರ ಮೈಲಿ ಸರಿಸಿಕೊಡಬೇಕು. ಅದೂ ಕಷ್ಟವೆಂದರೆ, ತಾವೇ ಖುದ್ದು ಶೃಂಗೇರಿಗೆ ಫೋನು ಮಾಡಿ ಭಾವನಲ್ಲಿ ಕ್ಷಮೆ ಕೇಳಬೇಕು. ಏಕೆಂದರೆ ಅವರು ಎಲ್ಲಿಂದಲೋ ವಿಷಯ ತಿಳಿದುಕೊಂಡು, ಹತ್ತಿಂಚು ಹಿಮ ಕರಗಿದರೆ ಒಂದೇ ಇಂಚು ನೀರೆಂದು ಭಾಗಿಸಿ, “ಇಪ್ಪತ್ತೇ ಇಂಚಾಯ್ತಲ್ಲ ಮಾರಾಯ, ಕಡೂರಿಗೇ ಕಳಿಸ್ಬಹುದಿತ್ತು, ಬಸ್ಸಲ್ಲಿ ಹೋಗಿ ಬರ್ತಿದ್ಲು” ಎಂದು ಫೋನಿನಲ್ಲೇ ನಕ್ಕರು. ಹಿಂದೆ ಅವರ ಮನೆಯವರೆಲ್ಲ ನಕ್ಕದ್ದೂ ಕೇಳಿಸಿತು.

ಹದಿನೈದಕ್ಕೆ ಇನ್ನು ಎರಡೇ ದಿನ. ಅಷ್ಟರೊಳಗೆ ನೂರಾ ಐವತ್ತಕ್ಕೆ ಮೇಲ್ಪಟ್ಟು ಶುದ್ಧ ಮಳೆಯಿರುವ, ಮಗಳೂ ಒಪ್ಪುವ ಒಂದು ರಾಜ್ಯವನ್ನು ಹುಡುಕಿ, ಇಲ್ಲದಿದ್ದರೆ ಹೊಸದಾಗಿ ಸ್ಥಾಪಿಸಿಯಾದರೂ, ತಿಳಿಸುವಿರಾಗಿ ನಂಬಿ ಕಾದಿರುವ,

ವಿಶ್ವಾಸದಲ್ಲಿ ತೊಂಬತ್ತಾರು ಭಾಗ ಕಳೆದುಕೊಂಡರೂ ಇನ್ನೂ ತಮ್ಮ ವಿಶ್ವಾಸಿ,
ಪ್ರಸನ್ನಕುಮಾರ್, ಜಯಪುರ

ತಾ.ಕ.: ತಾವು ತೊಂದರೆ ತೆಗೆದುಕೊಳ್ಳುವುದು ಬೇಡ. ಇಷ್ಟು ಬರೆದ ಮೇಲೆ ತಿಳಿಯಿತು, ನಯನ ಇಂದು ಬೆಳಿಗ್ಗೆಯೇ ತಮ್ಮನ್ನೂ ಕೇಳದೆ, ನನ್ನನ್ನೂ ಕೇಳದೆ ಅರಿಜೋನಾಕ್ಕೆ ಹೂಂ ಎಂದು ಬರೆದು ಕಳಿಸಿದ್ದಾಳೆ. ಎಗರಾಡಲೆಂದೇ ಹೋದವನು ಬಾಯಿತಪ್ಪಿ, ಅಲ್ಲಿ ಓದುವುದಾದರೂ ಏನು ಎಂದು ಕೇಳಿಬಿಟ್ಟೆ. ಮಳೆಯೇ ಇಲ್ಲದ ನೆಲದಲ್ಲಿ ಬಿದ್ದ ಹನಿಯನ್ನು ಹಿಡಿದಿಟ್ಟು ಬೆಳೆ ತೆಗೆಯುವ ವಿದ್ಯೆಯಂತೆ. “ಅದನ್ನ ಇನ್ನೂರು ಇಂಚು ಬೀಳೋ ಕಡೆ ಯಾರು ಕಲಿಸ್ತಾರೆ ಅಪ್ಪ?” ಎಂದಳು. ಮೊದಲೇ ಹೇಳಬಾರದಿತ್ತೇ ಎಂದರೆ, “ನೀವು ಕೇಳ್ಲೇ ಇಲ್ವಲ್ಲ” ಎಂದಳು. ನನಗೆ ನಾಚಿಕೆಯಾಯಿತು. ತಮ್ಮ ಹನ್ನೆರಡು ಪ್ರಶ್ನೆಗಳನ್ನು ಇನ್ನೊಮ್ಮೆ ತೆಗೆದು ನೋಡಿದೆ; ತಾವೂ ಕೇಳಿಲ್ಲ. ಹದಿಮೂರನೆಯದಾಗಿ ಅದನ್ನು ಸೇರಿಸಿಕೊಂಡರೆ ಒಳ್ಳೆಯದು. ತಾವು ಯಂತ್ರ, ನಿಮಿಷದಲ್ಲಿ ಸೇರಿಸಿಕೊಳ್ಳುತ್ತೀರಿ. ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು.