ಏಸಿಯ ಬೆನ್ನಿಗೆ ಒದ್ದೆ ಗೋಣಿ

ಯಾರೇ ಹೇಳಿದ ಮಾತಾಗಲಿ, ಅದನ್ನು ಒಮ್ಮೆ ತಟ್ಟಿ, ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು ನೋಡದೆ ಒಪ್ಪಿಕೊಳ್ಳುವುದು ನನ್ನಿಂದ ಈವರೆಗೂ ಸಾಧ್ಯವಾಗಿಲ್ಲ. ಇದು ಕಸುಬಿನಿಂದ ಅಂಟಿಕೊಂಡು ಬಂದ ಗುಣ. ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಕಾಯಿ ನೋಡುವ ಕೆಲಸ ಮಾಡಿದವನು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂಬುದನ್ನು ಮಾರುವವನ ಬಾಯಿಂದ ತಿಳಿಯಲಾಗದು, ಕಾಯಿಯೇ ಹೇಳಬೇಕು. ಅಲ್ಲಾಡಿಸಿದಾಗ ಒಳಗಿನ ಉಂಡೆ ಲೊಡಲೊಡ ಎಂದರೆ ಸರಿ. ಸದ್ದಿಲ್ಲವೆಂದರೆ, ಮಾರುವವನು ಮನೆದೇವರ ಮೇಲೆ ಆಣೆಯಿಟ್ಟರೂ ನಾನು ಕೇಳುತ್ತಿರಲಿಲ್ಲ. ಶಾಲೆಯನ್ನು ನಾಲ್ಕನೆಯ ತರಗತಿಯಲ್ಲಿ ಬಿಟ್ಟವನಾದ್ದರಿಂದ ವಿದ್ಯೆಯನ್ನೂ ಇದೇ ಕ್ರಮದಲ್ಲಿ ಸಂಪಾದಿಸಿದೆ. ವಾಚನಾಲಯದಲ್ಲಿ ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಬಹುಪಾಲು ಪುಸ್ತಕಗಳು ಸದ್ದು ಮಾಡಲಿಲ್ಲ.

ಇದನ್ನು ನಾನು ವಿವೇಕವೆಂದು ಕರೆಯುತ್ತೇನೆ. ನನ್ನ ಹೆಂಡತಿ ಸರ್ವಮಂಗಳ ಬೇರೆ ಹೆಸರಿನಿಂದ ಕರೆಯುತ್ತಾಳೆ. ಅವಳ ಕೋಪಕ್ಕೆ ಕಾರಣವಿಲ್ಲದೆ ಇಲ್ಲ. ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿದರೆ ಹಳೇಬೀಡು. ಬೆಳಿಗ್ಗೆ ಬಸ್ಸು ಹತ್ತಿದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಹಾಗಿದ್ದೂ ಮದುವೆಯಾಗಿ ನಲವತ್ತು ವರ್ಷವಾದರೂ ಅವಳು ಅದನ್ನು ಕಂಡಿರಲಿಲ್ಲ. ಹೊಸತರಲ್ಲಿ ಅವಳು ಕೇಳಿದಾಗ ನಾನು, “ಅಲ್ಲಿನ ಗೈಡುಗಳು ಹೇಳುವುದರಲ್ಲಿ ಸತ್ಯವೆಷ್ಟು, ಸುಳ್ಳೆಷ್ಟು ಎಂದು ಮೊದಲು ಓದಿ ತಿಳಿದುಕೊಳ್ಳುತ್ತೇನೆ, ಆಮೇಲೆ ಹೋಗೋಣ” ಎಂದಿದ್ದೆ. ಓದು ಮುಗಿಯಲಿಲ್ಲ. ಎಲ್ಲರೂ ‘ಬೇಲೂರು ಹಳೇಬೀಡು’ ಎನ್ನುತ್ತಾರಲ್ಲ, ನಮ್ಮ ದಾರಿಯಲ್ಲಿ ಹಳೇಬೀಡೇ ಮೊದಲು ಬರುವಾಗ ನಾವೇಕೆ ಹಾಗೆನ್ನಬೇಕು ಎಂಬ ಒಂದೇ ಪ್ರಶ್ನೆ ನನ್ನ ಒಂದು ಬೇಸಿಗೆಯನ್ನು ತಿಂದಿತು. ಅಷ್ಟರಲ್ಲಿ ಅವಳ ಮಂಡಿಗಳು ಹಿಡಿದುಕೊಂಡು ಬಸ್ಸಿನಲ್ಲಿ ಕಾಲು ಮಡಚಿ ಕೂರುವುದು ಆಗದಾಯಿತು. ಒಂದು ಮದುವೆಯ ಚಪ್ಪರದಲ್ಲಿ ಸೆಕೆಗೆ ತಲೆ ಸುತ್ತಿ ಬಿದ್ದ ಮೇಲಂತೂ ವೈದ್ಯರು, “ಅಮ್ಮನವರನ್ನ ಬಿಸಿಲಿಗೆ ಬಿಡಬೇಡಿ” ಎಂದು ನನ್ನ ಮುಖ ನೋಡಿಯೇ ಹೇಳಿದರು.

ಅವಳ ತಮ್ಮ ನಂಜುಂಡಪ್ಪ ಅರಸೀಕೆರೆಯಲ್ಲಿ ಬಸ್ಸು ಲಾರಿಗಳಿಗೆ ಬಾಡಿ ಕಟ್ಟುವವನು. ಹೊಸ ಶತಮಾನ ಹುಟ್ಟಿ ಮೂರೋ ನಾಲ್ಕೋ ವರ್ಷವಾಗಿದ್ದಾಗ ಬಿಕ್ಕೋಡಿನ ಕಾಫಿ ತೋಟದ ಸಾಹುಕಾರರೊಬ್ಬರು ಹಳೆಯ ಮಿನಿಬಸ್ಸೊಂದನ್ನು ತಂದು ಅವನ ಶೆಡ್ಡಿನಲ್ಲಿ ನಿಲ್ಲಿಸಿ, ಅದನ್ನು ಮನೆಗಾಡಿ ಮಾಡಿಕೊಡಲು ಹೇಳಿದರು. ಸಂಸಾರ ಸಮೇತ ದೇಶ ಸುತ್ತುವುದು ಅವರ ಯೋಚನೆ. ನಂಜುಂಡಪ್ಪ ಅದರೊಳಗೆ ಎರಡು ಮಂಚ, ಗ್ಯಾಸ್ ಒಲೆ, ಮುಖ ತೊಳೆಯುವ ಬೇಸಿನ್ನು ಎಲ್ಲವನ್ನೂ ಕೂರಿಸಿದ. ಕೊನೆಗೆ ಹಿಂಬದಿಯ ಗೋಡೆ ಕೊರೆದು, ಮನೆಯ ಕಿಟಕಿಗೆ ಹಾಕುವಂಥ ಏಸಿಯೊಂದನ್ನು, ಮುಖ ಒಳಗೆ ಬೆನ್ನು ಹೊರಗೆ ಮಾಡಿ ಸಿಕ್ಕಿಸಿದ. ಅದಕ್ಕೆ ಕರೆಂಟು ಕೊಡಲು ಗಾಡಿಯ ಹೊಟ್ಟೆಗೊಂದು ಜನರೇಟರ್ ತೂಗುಹಾಕಿದ. ಏಪ್ರಿಲ್ ತಿಂಗಳಲ್ಲಿ ಒಂದು ಸಂಜೆ ಮನೆಗೆ ಬಂದವನೇ ಅಕ್ಕನ ಪಕ್ಕದಲ್ಲಿ ಕುಳಿತ.

“ನಾಡಿದ್ದು ಗಾಡಿ ಒಪ್ಪಿಸಕ್ಕೆ ಹೊಂಟಿದೀನಿ ಕಣಕ್ಕ. ಹಳೇಬೀಡಿನ ಮೇಲೇ ಹೋಗಬೇಕು. ನೀನು ಮಲ್ಕೊಂಡೇ ಬಾ. ಒಳಗೆ ಕೂತ್ರೆ ಊಟಿ ಇದ್ದಂಗೈತೆ. ಒಪ್ಪಿಸಿಬಿಟ್ರೆ ಇಂಥ ಗಾಡಿ ನಮ್ಮ ಕೈಗೆ ಇನ್ನೊಂದು ಸಲ ಸಿಗಕಿಲ್ಲ.”

ಸರ್ವಮಂಗಳ ನನ್ನ ಕಡೆ ನೋಡಲಿಲ್ಲ. “ಬತ್ತೀನಿ ಕಣೋ” ಎಂದಳು. ನಲವತ್ತು ವರ್ಷದ ಪ್ರಶ್ನೆ ನನ್ನನ್ನು ಕೇಳದೆಯೇ ಇತ್ಯರ್ಥವಾಯಿತು.

ಮರುದಿನ ನಾನು ಶೆಡ್ಡಿಗೆ ಹೋಗಿ ಯಂತ್ರವನ್ನು ಪರಿಶೀಲಿಸಿದೆ. ಅದರ ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಿಕೆಯನ್ನು ನಿಘಂಟಿನ ನೆರವಿನಿಂದ ಓದಿದೆ. ಕಿಟಕಿಗಳನ್ನೆಲ್ಲ ಮುಚ್ಚಬೇಕು ಎಂದಿತ್ತು. ಯಂತ್ರದ ಬೆನ್ನ ಹಿಂದೆ ಏನನ್ನೂ ಇಡಕೂಡದು ಎಂದಿತ್ತು. ಏಕೆ ಎಂದು ಮಾತ್ರ ಬರೆದಿರಲಿಲ್ಲ. ಕಾರಣ ಹೇಳದ ಅಪ್ಪಣೆಯನ್ನು ನಾನು ಯಾರಿಂದಲೂ ಸ್ವೀಕರಿಸಿದವನಲ್ಲ. ಶೆಡ್ಡಿನ ಮುಂದೆ ನಿಲ್ಲಿಸಿದ್ದ ಗಾಡಿಯಿಂದ ಇಳಿದು ನೋಡಿದರೆ ಯಂತ್ರದ ಬೆನ್ನು ಬರಿಯ ಬಿಸಿಲಲ್ಲಿ ಸುಡುತ್ತಿತ್ತು. ಮುಟ್ಟಿ ಕೈ ಹಿಂತೆಗೆದುಕೊಂಡೆ. ತಾನೇ ಬೇಯುತ್ತಿರುವುದು ಪರರನ್ನು ತಣಿಸುವುದು ಹೇಗೆ? ಕಣಕಟ್ಟೆಯಲ್ಲಿ ನಮ್ಮ ತೋಟದ ಮನೆಗೆ ಜಿಂಕ್ ಶೀಟಿನ ಮಾಡು. ಬೇಸಿಗೆ ಬಂತೆಂದರೆ ಅದರ ಮೇಲೆ ತೆಂಗಿನ ಗರಿ ಹರಡಿ ನೀರು ಚಿಮುಕಿಸುತ್ತೇವೆ. ಕೆಳಗೆ ಮಲಗಿದವರು ಹೊದಿಕೆ ಕೇಳುವಷ್ಟು ತಂಪು. ಇದು ಯಾವ ಪುಸ್ತಿಕೆಯಲ್ಲೂ ಇಲ್ಲ, ಆದರೆ ನನ್ನ ಮೈ ಬಲ್ಲ ಸತ್ಯ.

ಆದ್ದರಿಂದ ಹೊರಡುವ ದಿನ ಬೆಳಿಗ್ಗೆ, ನಂಜುಂಡಪ್ಪ ಡೀಸೆಲ್ ತರಲು ಹೋಗಿದ್ದ ಹೊತ್ತಿನಲ್ಲಿ, ನಾನು ಗಾಡಿಯ ನೆತ್ತಿಯ ಮೇಲೆ ಹಸಿ ಗರಿಗಳನ್ನು ಹರಡಿ ಕಟ್ಟಿದೆ. ಎರಡು ಗೋಣಿಚೀಲಗಳನ್ನು ನೀರಲ್ಲಿ ನೆನೆಸಿ ಏಸಿಯ ಬೆನ್ನಿಗೆ, ಜ್ವರ ಬಂದವರ ಹಣೆಗೆ ಬಟ್ಟೆ ಹಾಕುವಷ್ಟೇ ಮಮತೆಯಿಂದ, ಎರಡು ಪದರವಾಗಿ ಬಿಗಿದೆ.

ನಂಜುಂಡಪ್ಪ ಬಂದವನು ಕ್ಯಾನು ಕೆಳಗಿಟ್ಟು ನಿಂತುಬಿಟ್ಟ. “ಏನ್ ಭಾವ ಇದು! ಮನೆಗಾಡಿ ಮಾಡಿದ್ರೆ ನೀವು ಮದುವೆ ಚಪ್ಪರ ಮಾಡಿಟ್ಟಿದೀರಲ್ಲ. ಬೆನ್ನಿಗೇನೂ ಮುಚ್ಚಬಾರ್ದು ಅಂತ ಪುಸ್ತಕದಾಗೆ ಐತೆ.”

“ಆ ಪುಸ್ತಕ ಬರೆದವನು ನಮ್ಮ ಸೀಮೆಯ ಬಿಸಿಲು ನೋಡಿದ್ದಾನೇನಯ್ಯಾ?” ಎಂದೆ.

“ನೋಡಿಲ್ಲ ಅಂತ್ಲೇ ಇಟ್ಕಳಿ. ಮಿಷಿನ್ ನೋಡಿದಾನಲ್ಲ?”

ನಾನು ಗಟ್ಟಿ ಧ್ವನಿಯಲ್ಲಿ, ಹೊತ್ತಾಯಿತೆಂದೆ. ಭಾವನಿಗೆ ಎದುರಾಡುವ ರೂಢಿ ಅವನಿಗಿಲ್ಲ. ಅವನು ಸ್ಟಿಯರಿಂಗ್ ಹಿಡಿದ, ಸರ್ವಮಂಗಳ ಮಂಚದ ಮೇಲೆ ಕಾಲು ಚಾಚಿದಳು, ಗಾಡಿ ಹೊರಟಿತು.

ಒಳಗೆ ತಂಪಾಗಿತ್ತು. ಅದನ್ನು ಒಪ್ಪಿಕೊಂಡೆ, ಗೋಣಿಯ ಪಾಲನ್ನು ಪ್ರತ್ಯೇಕವಾಗಿ ಎತ್ತಿ ಹೇಳಿದೆ. ಆದರೆ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಗೋಣಿ ಒಣಗಿತೇನೋ ಎಂದು ಬಾಣಾವರದಲ್ಲಿ ನಿಲ್ಲಿಸಿ ನೀರು ಹಾಕಿದೆ. ಮುಂದೆ ಒಂದು ಬೋರ್‌ವೆಲ್ ಕಂಡಿತೆಂದು ಹಾಕಿದೆ. ಜಾವಗಲ್ಲಿನಲ್ಲಿ ಹೋಟೆಲಿನವನ ಬಿಂದಿಗೆ ಬೇಡಿ ಹಾಕಿದೆ. ಊರಿನ ಜನ ಸುತ್ತ ಸೇರಿ, ಬಸ್ಸಿನ ಅಂಡಿಗೆ ಸ್ನಾನ ಮಾಡಿಸುತ್ತಿರುವ ಮುದುಕನನ್ನು ನೋಡಿದರು. ಪ್ರತಿ ಸಲ ನಾನು ಬಾಗಿಲು ತೆರೆದಾಗಲೂ ಒಳಗಿನ ತಂಪೆಲ್ಲ ಹೊರಕ್ಕೆ ಓಡುತ್ತಿತ್ತು.

“ಎಷ್ಟು ಸಲ ಇಳೀತೀರಿ ರೀ?” ಎಂದಳು ಸರ್ವಮಂಗಳ. “ನಿಮ್ಮ ಕಾಲಿಗೇನು ಸ್ಪ್ರಿಂಗು ಹಾಕವ್ರಾ? ಸುಮ್ಕೆ ಕೂತ್ರೆ ಗಾಡಿ ತಾನಾಗೇ ತಣ್ಣಗಿರುತ್ತೆ.”

ಹಳೇಬೀಡು ಮುಟ್ಟುವಾಗ ಹನ್ನೊಂದೂವರೆ. ಮರದ ನೆರಳನ್ನೆಲ್ಲ ಪ್ರವಾಸಿ ಬಸ್ಸುಗಳು ಹಿಡಿದಿದ್ದವು. ನಮಗೆ ಸಿಕ್ಕಿದ್ದು ಬಟಾಬಯಲು. ಬಿಸಿಲಿಳಿಯುವವರೆಗೆ ಸರ್ವಮಂಗಳ ತಂಪಿನಲ್ಲಿ ಮಲಗಿರುವುದು, ಮೂರರ ಮೇಲೆ ಎಲ್ಲರೂ ದೇವಸ್ಥಾನ ನೋಡುವುದು, ಕತ್ತಲಾಗುವ ಮೊದಲು ಬಿಕ್ಕೋಡು ಸೇರುವುದು ಎಂಬುದು ಏರ್ಪಾಡು. ಗಾಡಿ ನಿಂತು ಹತ್ತು ನಿಮಿಷವಾಗಿರಲಿಲ್ಲ, ಏಸಿ ಒಮ್ಮೆ ನರಳಿತು, ಬಿಸಿಯುಸಿರು ಬಿಟ್ಟಿತು, ನಿಂತಿತು. ಹೊಟ್ಟೆಯ ಜನರೇಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ಡಬಡಬ ಎನ್ನುತ್ತಲೇ ಇತ್ತು. ಕೊಬ್ಬರಿ ಅಟ್ಟದಲ್ಲಿ ಗಾಳಿಯಾಡಬೇಕೆಂಬ ನ್ಯಾಯ ನೆನೆದು ನಾನು ಕಿಟಕಿಗಳನ್ನೆಲ್ಲ ತೆರೆದೆ. ಏಪ್ರಿಲ್ ತಿಂಗಳ ಗಾಳಿ ಒಲೆಯ ಬಾಯಿಂದ ಬಂದಂತೆ ಒಳನುಗ್ಗಿತು.

ಸರ್ವಮಂಗಳಳ ಮುಖ ಕೆಂಪಾಯಿತು. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಅವಳು ಕಣ್ಣು ಮುಚ್ಚಿದಾಗ ನನಗೆ ಆ ಮದುವೆಯ ಚಪ್ಪರವೇ ಕಣ್ಣ ಮುಂದೆ ಬಂದಿತು. ಕೈಗೆ ಸಿಕ್ಕಿದ ಇಂಗ್ಲಿಷ್ ಪುಸ್ತಿಕೆಯಿಂದಲೇ ಗಾಳಿ ಬೀಸಿದೆ. ಅದು ಮೊದಲ ಸಲ ನನ್ನ ಉಪಯೋಗಕ್ಕೆ ಬಂದದ್ದು ಹಾಗೆ.

“ವಾಪಸ್ ಹೋಗಿಬಿಡೋಣವಾ?” ಎಂದೆ.

ಅವಳು ಕಣ್ಣು ತೆರೆದಳು. “ನಲವತ್ತು ವರ್ಷ ಆದ್ಮೇಲೆ ಬಾಗಿಲ ತನಕ ಬಂದಿದೀನಿ. ವಾಪಸ್ಸಾ? ದೇವಸ್ಥಾನದ ಒಳಗೆ ಕಲ್ಲು ತಣ್ಣಗಿರುತ್ತಂತೆ. ಅಲ್ಲೇ ಹೋಗಿ ಕೂತ್ಕೋತೀನಿ. ನಂಜುಂಡ, ಕೈ ಕೊಡೋ.”

“ಚಪ್ಪಲಿ ಬಿಟ್ಟು ಹೋಗಬೇಕು ಕಣೇ. ಜಗಲಿಯ ಕಲ್ಲು ಈ ಹೊತ್ತಲ್ಲಿ ಕೆಂಡ” ಎಂದೆ.

ನಂಜುಂಡಪ್ಪ ಗಾಡಿಯ ಹಿಂದಕ್ಕೆ ಹೋದ. ನನ್ನ ಅನುಮತಿ ಕೇಳದೆ ಗಂಟು ಬಿಚ್ಚಿ ಎರಡು ಗೋಣಿಗಳನ್ನೂ ಕಿತ್ತುಕೊಂಡು ಬಂದು, ಗಾಡಿಯಲ್ಲಿದ್ದ ಬಿಂದಿಗೆಯ ನೀರು ಸುರಿದು ನೆನೆಸಿದ. “ಬಾರಕ್ಕ, ಇದರ ಮೇಲೆ ಕಾಲಿಡು” ಎಂದ. ಗೇಟು ದಾಟಿ ಚಪ್ಪಲಿ ಬಿಟ್ಟ ಮೇಲೆ ಅವಳು ಒಂದು ಗೋಣಿಯ ಮೇಲೆ ನಿಲ್ಲುವುದು, ಅವನು ಇನ್ನೊಂದನ್ನು ಮುಂದೆ ಹಾಸುವುದು, ಅವಳು ಅದರ ಮೇಲೆ ದಾಟುವುದು, ಅವನು ಹಿಂದಿನದನ್ನು ಎತ್ತಿ ಮತ್ತೆ ಮುಂದೆ ಹಾಸುವುದು. ಹೊಯ್ಸಳರ ಪಟ್ಟದರಸಿಯರಿಗೂ ಅಂಥ ಮರ್ಯಾದೆ ದೊರೆತಿತ್ತೋ ಇಲ್ಲವೋ, ದಾಖಲೆಗಳು ನನಗೆ ಸಿಕ್ಕಿಲ್ಲ.

ಹೊರಡುವ ಮುನ್ನ ಅವಳು ಕೇಳಿದ್ದಳು: “ನೀವು ಬರಲ್ವಾ?”

“ಐದು ನಿಮಿಷ. ಇದು ಯಾಕೆ ನಿಂತಿತು ಅನ್ನೋದು ಗೊತ್ತಾಗಲಿ, ಬಂದೆ.”

ಆ ಐದು ನಿಮಿಷದ ಇತಿಹಾಸವನ್ನು ಯಥಾವತ್ತಾಗಿ ದಾಖಲಿಸುತ್ತೇನೆ. ಗುಂಡಿ ಒತ್ತಿದೆ, ಏನಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದೆ. ಯಂತ್ರ ಗುರ್ರೆಂದು ಎದ್ದು ಕುಳಿತಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಕಿಟಕಿ ತೆರೆದು ಗಾಳಿಯಾಡಿಸಿದ್ದರ ಫಲವೆಂದು ಬೀಗುತ್ತ ಕಿಟಕಿಗಳನ್ನು ಮುಚ್ಚಿದೆ. ಆದರೆ ನನ್ನ ದುರದೃಷ್ಟ ನೋಡಿ, ನಾನು ಇತರರನ್ನು ನಂಬದಂತೆಯೇ ನನ್ನನ್ನೂ ನಂಬುವವನಲ್ಲ. ಕಿಟಕಿಯಿಂದ ಸರಿಹೋಯಿತೋ, ಗೋಣಿ ಹೋದದ್ದರಿಂದ ಸರಿಹೋಯಿತೋ? ಮಂಚದ ಜಮಖಾನವನ್ನು ನೀರಲ್ಲಿ ಅದ್ದಿ ಏಸಿಯ ಬೆನ್ನಿಗೆ ಹೊದಿಸಿದೆ. ಹದಿನೈದು ನಿಮಿಷದಲ್ಲಿ ಯಂತ್ರ ನರಳಿ ನಿಂತಿತು. ಜಮಖಾನ ತೆಗೆದು ಕಾದೆ, ಎದ್ದಿತು. ಒಂದು ಸಲ ಆದದ್ದು ಆಕಸ್ಮಿಕವಿರಬಹುದು. ಮತ್ತೆ ಹೊದಿಸಿದೆ, ನಿಂತಿತು. ತೆಗೆದೆ, ಎದ್ದಿತು. ಎರಡು ಸಲವೂ ಆಕಸ್ಮಿಕವಾಗಬಾರದೆಂದು ಯಾರು ಹೇಳಿದರು? ಮೂರನೆಯ ಸಲ ಹೊದಿಸಿ, ಬರಿಗೈಯನ್ನು ಜಮಖಾನದ ಸಂದಿಗೆ ತೂರಿಸಿದೆ. ಕೈ ಬೆಂದಂತಾಯಿತು. ಆಗ ಹೊಳೆಯಿತು: ಈ ಯಂತ್ರ ತಂಪನ್ನು ಹುಟ್ಟಿಸುವುದೇ ಇಲ್ಲ. ಅದು ನಮ್ಮ ಮಂಡಿಯ ಹಮಾಲಿಯಂತೆ ಒಳಗಿನ ಬಿಸಿಯನ್ನು ಮೂಟೆ ಮೂಟೆಯಾಗಿ ಹೊತ್ತು ಹಿತ್ತಿಲಿಗೆ ಹಾಕುತ್ತಿದೆ. ನಾನು ಹಿತ್ತಿಲ ಬಾಗಿಲಿಗೆ ಗೋಣಿ ಬಿಗಿದು, ಮೂಟೆ ಇಳಿಸಲು ಜಾಗವಿಲ್ಲದೆ ಅವನು ಕುಸಿದು ಬಿದ್ದಾಗ, ಅವನನ್ನೇ ಸೋಮಾರಿಯೆಂದು ಬೈಯುತ್ತಿದ್ದೆ. ಪುಸ್ತಿಕೆ ಬರೆದವನು ಈ ಒಂದು ವಾಕ್ಯವನ್ನು ಸೇರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಜಮಖಾನ ತೆಗೆದುಕೊಂಡು ಒಳಗೆ ಹೋಗಿ, ಏಸಿಯ ತಂಪಿನಲ್ಲಿ ಈ ಆನಂದವನ್ನು ಸವಿದು ಬಾಗಿಲು ತೆರೆದರೆ ನಂಜುಂಡಪ್ಪ, ಸರ್ವಮಂಗಳ ಎದುರಿಗೇ ನಿಂತಿದ್ದರು. ನಾಲ್ಕು ಗಂಟೆ ದಾಟಿತ್ತು.

“ಹೊರಡಾಣ ಭಾವ” ಎಂದ ನಂಜುಂಡಪ್ಪ. “ಸಾಹುಕಾರ್ರು ಕಾಯ್ತಾ ಇರ್ತಾರೆ.”

“ನಾನು ಒಂದು ಸುತ್ತು...”

“ಇನ್ನು ಸುತ್ತಾಕಕ್ಕೆ ಹೋದ್ರೆ ಬಿಕ್ಕೋಡಿಗೆ ಕತ್ಲಾಯ್ತದೆ. ಜಮಖಾನ ಯಾಕೆ ನೆಂದೈತೆ?”

ಸರ್ವಮಂಗಳ ಮಂಚದ ಮೇಲೆ ಕುಳಿತಳು. ಅವಳ ಮುಖದಲ್ಲಿ ಆಯಾಸವಿರಲಿಲ್ಲ. ನಾನು ಮದುವೆಯಾದ ವರ್ಷ ಕಂಡಿದ್ದ ಯಾವುದೋ ಕಳೆ ಅಲ್ಲಿತ್ತು. “ಎಂಥಾ ತಂಪು ರೀ ಒಳಗೆ! ಕರೆಂಟಿಲ್ಲ, ಮಿಷಿನಿಲ್ಲ. ಕಂಬಕ್ಕೆ ಒರಗಿ ಕೂತಿದ್ದೆ, ಗೈಡು ಬಂದು ಎಲ್ಲಾನೂ ಹೇಳ್ದ. ಆ ಕಂಬದಾಗೆ ನನ್ನ ಮುಖ ಕಾಣ್ತಿತ್ತು. ಲೇತಿಗೆ ಹಾಕಿ ತಿರುಗಿಸಿ ಕಡೆದಿದ್ದಂತೆ, ಉಂಗುರ ಉಂಗುರವಾಗಿ ಗೆರೆ ಐತೆ, ಬೆರಳಾಡಿಸಿ ನೋಡ್ದೆ.”

“ಅಷ್ಟು ದಪ್ಪದ ಕಲ್ಲನ್ನು ತಿರುಗಿಸಿದ್ದು ಹೇಗಂತೆ? ಅದನ್ನ ಕೇಳಿದೆಯಾ?”

“ಅಲ್ಲೇ ಇದ್ನಲ್ಲ ಅವನು. ನೀವೇ ಬಂದು ಕೇಳಬೋದಿತ್ತು.”

ಬೇಲೂರನ್ನು ಮರುದಿನ ಬೆಳಿಗ್ಗೆ, ಸಾಹುಕಾರರ ಕಾರಿನಲ್ಲಿ ಮರಳುವಾಗ, ಬಿಸಿಲೇರುವ ಮೊದಲೇ ಇಬ್ಬರೂ ನೋಡಿದೆವು. ಅದರ ವಿಷಯದಲ್ಲಿ ನನಗೆ ಸಾಕಷ್ಟು ತಕರಾರುಗಳಿವೆ. ಆದರೆ ಅವು ಕಣ್ಣಾರೆ ಕಂಡು ಸಂಪಾದಿಸಿದ ಸ್ವಂತ ತಕರಾರುಗಳು. ಹಳೇಬೀಡಿನ ಮಾತು ಬಂದಾಗ ಮಾತ್ರ ನನ್ನ ಸ್ಥಿತಿ ಶೋಚನೀಯ. ಮತ್ತೆ ಹೋಗಿ ನೋಡಬಹುದಲ್ಲ ಎಂದು ನೀವು ಕೇಳಬಹುದು. ಹೋಗಬಹುದು. ಒಬ್ಬನೇ ಹೋದರೆ ಅವಳ ಮಾತನ್ನು ನಂಬದೆ ಪರೀಕ್ಷೆಗೆ ಹೊರಟೆನೆಂದಾಗುತ್ತದೆ. ಅದರ ಪರಿಣಾಮವನ್ನು ಊಹಿಸಲು ನನಗೆ ಪ್ರಯೋಗ ಬೇಕಿಲ್ಲ.

ಮೊನ್ನೆ ಅವಳ ಸೋದರ ಸೊಸೆಯ ಗಂಡ ಮನೆಗೆ ಬಂದಿದ್ದ. ಹೈಸ್ಕೂಲಿನಲ್ಲಿ ಚರಿತ್ರೆ ಹೇಳುವವನು. ಮಾತಿಗೆ ಮಾತು ಬಂದು, “ಆ ಕಂಬಗಳನ್ನ ಲೇತಿಗೆ ಹಾಕಿ ಕಡೆದರು ಅನ್ನೋದನ್ನ ಹಾಗೇ ನಂಬೋಕಾಗುತ್ತಾ? ಯಾರು ನೋಡಿದ್ದಾರೆ?” ಎಂದ. ಬಾಯಿ ತೆರೆದರೆ ನಾನು ಆಡಬೇಕಾದ ಮಾತು ಅದು, ಅಕ್ಷರವೊಂದೂ ವ್ಯತ್ಯಾಸವಿಲ್ಲ. ಆದರೆ ನನಗೇಕೋ ಎಲ್ಲಿಲ್ಲದ ಸಿಟ್ಟು ಬಂದು, “ಕಂಬದ ಮೇಲೆ ಉಂಗುರ ಉಂಗುರವಾಗಿ ಗೆರೆಗಳಿವೆ, ತಿಳಿಯಿತೇ? ಬೆರಳಾಡಿಸಿ ನೋಡಿದರೆ ಸಿಗುತ್ತವೆ. ಸುಮ್ಮನೆ ಎಲ್ಲವನ್ನೂ ಅನುಮಾನಿಸಬಾರದು” ಎಂದು ಗದರಿದೆ. ಹುಡುಗ ತಬ್ಬಿಬ್ಬಾಗಿ, ನೀವು ಮುಟ್ಟಿ ನೋಡಿದಿರಾ ಎಂದು ವಿನಯದಿಂದ ಕೇಳಿದ.

ಅಷ್ಟರಲ್ಲಿ ಸರ್ವಮಂಗಳ ಒಳಗಿನಿಂದ ಕಾಫಿ ತಂದು ಅವನ ಕೈಗೆ ಕೊಟ್ಟಳು. “ಅವರನ್ನ ಏನೂ ಕೇಳಬ್ಯಾಡಪ್ಪ. ಅವತ್ತು ನಾನು ದೇವಸ್ಥಾನ ನೋಡ್ದೆ. ಅವರು ಗಾಡಿಯೊಳಗೆ ತಣ್ಣಗೆ ಕೂತಿದ್ರು.”